ದಡದ ಮೇಲೆ ಕರಗುವ ಬ್ಯಾಟರಿ: ಡೈವ್ ಕಂಪ್ಯೂಟರಿನ ವಿದ್ಯುತ್ ವಿನ್ಯಾಸದ ಕುರಿತು

ಗೋವಾದ ವಾಸ್ಕೋದಲ್ಲಿ ಕನ್ನಡಿಗರ ತಿಂಗಳ ಕೂಟವೊಂದರಲ್ಲಿ ನಾನು ಮಾಡಿದ ಉಪನ್ಯಾಸದ ಬರಹ ರೂಪವಿದು. ಅಂದು ಹಲಗೆಯ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ವಾಕ್ಯಗಳಲ್ಲಿ ಬಿಡಿಸಿ ಹೇಳಬೇಕಾದ್ದರಿಂದ ಕೆಲವು ಭಾಗಗಳು ಆಡಿದ ಮಾತಿಗಿಂತ ಉದ್ದವಾಗಿವೆ. ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನೂ ಅದಕ್ಕೆ ಕೊಟ್ಟ ಉತ್ತರವನ್ನೂ ಉಳಿಸಿಕೊಂಡಿದ್ದೇನೆ.

ಹಿರಿಯರೇ, ಗೆಳೆಯರೇ,

ಇಲ್ಲಿ ಕುಳಿತಿರುವ ಕೆಲವರ ಮನೆಯ ಹುಡುಗರು ಬೈನಾ ತೀರದಿಂದ ಗ್ರ್ಯಾಂಡ್ ಐಲ್ಯಾಂಡಿನ ಕಡೆಗೆ ಹೊರಡುವ ಡೈವಿಂಗ್ ದೋಣಿಗಳಲ್ಲಿ ಕೆಲಸ ಮಾಡುತ್ತಾರೆ. ಸಿಲಿಂಡರ್ ಹೊರುವುದರಿಂದ ಆರಂಭಿಸಿ, ತರಬೇತಿ ಪಡೆದು, ಈಗ ಪ್ರವಾಸಿಗರ ಜೊತೆ ನೀರಿಗಿಳಿಯುವವರೂ ಅವರಲ್ಲಿದ್ದಾರೆ. ಅವರ ಮಣಿಕಟ್ಟಿನ ಮೇಲೆ ದಪ್ಪ ಗಡಿಯಾರದಂಥ ಸಾಧನವೊಂದನ್ನು ನೀವು ನೋಡಿರುತ್ತೀರಿ. ಅದೇ ಡೈವ್ ಕಂಪ್ಯೂಟರ್. ನಾನು ವೆರ್ಣಾದ ಕೈಗಾರಿಕಾ ವಸಾಹತಿನಲ್ಲಿ ಅಳತೆ ಉಪಕರಣಗಳ ವಿನ್ಯಾಸ ಮಾಡುವ ಎಂಜಿನಿಯರ್. ಬಿಡುವಿನ ದಿನಗಳಲ್ಲಿ ಕಡಲಿಗಿಳಿಯುವ ಹವ್ಯಾಸ ಇಟ್ಟುಕೊಂಡವನು. ಈ ಎರಡೂ ಕೆಲಸಗಳು ಕೂಡುವ ಒಂದು ಸಣ್ಣ ವಿಷಯವನ್ನು, ಅಂದರೆ ಆ ಸಾಧನದ ಹೊಟ್ಟೆಯೊಳಗಿನ ಸೆಲ್ಲಿನ ವಿಷಯವನ್ನು, ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲಿಗೆ ಸಾಧನ ಮಾಡುವ ಕೆಲಸವೇನು ಎಂಬುದು ಸ್ಪಷ್ಟವಾಗಬೇಕು. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಸುಮಾರು 1 ಬಾರ್‌ನಷ್ಟು, ಅಂದರೆ ಹೆಚ್ಚುಕಡಿಮೆ ನೆಲದ ಮೇಲಿನ ಗಾಳಿಯ ಒತ್ತಡದಷ್ಟು, ಒತ್ತಡ ಹೆಚ್ಚುತ್ತದೆ. ಮುಳುಗುಗಾರ ಉಸಿರಾಡುವ ಗಾಳಿಯೂ ಅದೇ ಒತ್ತಡದಲ್ಲಿ ಒಳಗೆ ಹೋಗುವುದರಿಂದ, ಗಾಳಿಯಲ್ಲಿನ ಸಾರಜನಕ ರಕ್ತದಲ್ಲೂ ಅಂಗಾಂಶಗಳಲ್ಲೂ ಮಾಮೂಲಿಗಿಂತ ಹೆಚ್ಚು ಕರಗಿಕೊಳ್ಳುತ್ತದೆ. ಅವಸರದಲ್ಲಿ ಮೇಲೆ ಬಂದರೆ ಅದು ಗುಳ್ಳೆಗಳಾಗಿ ಹೊರಬಿದ್ದು ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನನ್ನಾದರೂ ತರಬಲ್ಲದು. ಜೆ. ಎಸ್. ಹಾಲ್ಡೇನ್ ಮತ್ತು ಅವರ ಸಹೋದ್ಯೋಗಿಗಳು 1908ರಲ್ಲಿ ಇದಕ್ಕೊಂದು ಲೆಕ್ಕದ ದಾರಿ ತೋರಿಸಿದರು. ದೇಹವನ್ನು ಬೇರೆ ಬೇರೆ ವೇಗದಲ್ಲಿ ಸಾರಜನಕವನ್ನು ಹೀರುವ ಮತ್ತು ಬಿಡುವ ಕೋಣೆಗಳೆಂದು ಭಾವಿಸಿ, ಪ್ರತಿ ಕೋಣೆಗೂ ಒಂದೊಂದು ಅರ್ಧಾವಧಿ, ಅಂದರೆ ಅದು ಅರ್ಧದಷ್ಟು ತುಂಬಲು ಇಲ್ಲವೇ ಖಾಲಿಯಾಗಲು ಹಿಡಿಯುವ ಸಮಯ, ಕೊಡುವುದು ಆ ದಾರಿ. ಜ್ಯೂರಿಕ್‌ನ ವೈದ್ಯ ಆಲ್ಬರ್ಟ್ ಬ್ಯೂಲ್ಮನ್ ಅದನ್ನು 16 ಕೋಣೆಗಳವರೆಗೆ ಬೆಳೆಸಿದರು. ಅವರ ಕೋಷ್ಟಕದಲ್ಲಿ ಅತ್ಯಂತ ಚುರುಕು ಕೋಣೆಯ ಅರ್ಧಾವಧಿ 4 ನಿಮಿಷ; ಅತ್ಯಂತ ನಿಧಾನದ್ದು 635 ನಿಮಿಷ. ಇಂದಿನ ಬಹಳಷ್ಟು ಡೈವ್ ಕಂಪ್ಯೂಟರುಗಳು ಈ ಲೆಕ್ಕವನ್ನೋ ಇದರ ಹತ್ತಿರದ ಸಂಬಂಧಿಯನ್ನೋ ಕೆಲವು ಸೆಕೆಂಡುಗಳಿಗೊಮ್ಮೆ ಮಾಡುತ್ತಾ, ಇನ್ನೆಷ್ಟು ನಿಮಿಷ ಕೆಳಗಿರಬಹುದು ಎಂದು ತೋರಿಸುತ್ತವೆ.

ಆ 635 ಎಂಬ ಸಂಖ್ಯೆಯನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ಏಕೆಂದರೆ ಬ್ಯಾಟರಿಯ ವಿನ್ಯಾಸವೆಲ್ಲ ಅಲ್ಲಿಂದಲೇ ಆರಂಭವಾಗುತ್ತದೆ. 635 ನಿಮಿಷವೆಂದರೆ ಹತ್ತೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು. ಒಂದು ಕೋಣೆ ಬಹುಪಾಲು ಖಾಲಿಯಾಗಲು ಆರು ಅರ್ಧಾವಧಿಗಳು ಬೇಕೆಂದು ಹಿಡಿದರೆ 63 ಗಂಟೆ ದಾಟುತ್ತದೆ, ಅಂದರೆ ಎರಡೂವರೆ ದಿನಕ್ಕೂ ಹೆಚ್ಚು. ಶನಿವಾರ ಬೆಳಿಗ್ಗೆ ನೀರಿಗಿಳಿದವನ ದೇಹ ಆ ಮುಳುಗನ್ನು ಸೋಮವಾರ ಸಂಜೆಯವರೆಗೂ ಪೂರ್ತಿ ಮರೆತಿರುವುದಿಲ್ಲ. ಹಾಗಾದ ಮೇಲೆ ಕಂಪ್ಯೂಟರೂ ಮರೆಯುವಂತಿಲ್ಲ. ಅವನು ಊಟ ಮಾಡುವಾಗ, ನಿದ್ದೆ ಮಾಡುವಾಗ, ಆಫೀಸಿಗೆ ಹೋದಾಗಲೂ ಚೀಲದೊಳಗೆ ಬಿದ್ದಿರುವ ಆ ಸಾಧನ ಗಾಳಿಯ ಒತ್ತಡ ನೋಡಿಕೊಂಡು, ಹದಿನಾರು ಕೋಣೆಗಳಿಂದ ಎಷ್ಟೆಷ್ಟು ಸಾರಜನಕ ಹೊರಹೋಯಿತೆಂದು ಕಳೆಯುತ್ತಲೇ ಇರಬೇಕು. ಟಾರ್ಚಿನಂತೆ ಸ್ವಿಚ್ ಆರಿಸಿ ಬದಿಗಿಡುವ ಉಪಕರಣ ಇದಲ್ಲ.

ಈಗ ವಿದ್ಯುತ್ತಿನ ಜಮಾಖರ್ಚು ನೋಡೋಣ. ಸಾದಾ ಕಪ್ಪು-ಬಿಳುಪು ಪರದೆಯ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಬಳಸುವುದು ಸಿಆರ್ 2450 ಎಂಬ ನಾಣ್ಯದಾಕಾರದ ಸೆಲ್, ಅಂದರೆ ಕಾಯಿನ್ ಸೆಲ್. ಹೆಸರಿನಲ್ಲೇ ಅಳತೆ ಇದೆ: ಅಡ್ಡಗಲ 24.5 ಮಿಲಿಮೀಟರ್, ದಪ್ಪ 5 ಮಿಲಿಮೀಟರ್. ಲಿಥಿಯಂ ಮತ್ತು ಮ್ಯಾಂಗನೀಸ್ ಡೈಆಕ್ಸೈಡಿನ ಈ ಸೆಲ್ 3 ವೋಲ್ಟ್ ಕೊಡುತ್ತದೆ. ಅದರಲ್ಲಿ ಸುಮಾರು 600 ಮಿಲಿಆಂಪಿಯರ್-ಗಂಟೆಯಷ್ಟು, ಅಂದರೆ 1 ಮಿಲಿಆಂಪಿಯರ್‌ನಂತೆ ಎಳೆದರೆ 600 ಗಂಟೆ ಬರುವಷ್ಟು, ವಿದ್ಯುತ್ ತುಂಬಿರುತ್ತದೆ. ಒಬ್ಬ ಹವ್ಯಾಸಿ ವರ್ಷಕ್ಕೆ 60 ಬಾರಿ, ಪ್ರತಿ ಬಾರಿ 50 ನಿಮಿಷ ನೀರಿನಡಿ ಇರುತ್ತಾನೆ ಎನ್ನೋಣ; ಒಟ್ಟು 50 ಗಂಟೆ. ನೀರಿನಡಿ ಸಾಧನ ಸರಾಸರಿ ಅರ್ಧ ಮಿಲಿಆಂಪಿಯರ್ ಎಳೆದರೆ ವರ್ಷಕ್ಕೆ 25 ಮಿಲಿಆಂಪಿಯರ್-ಗಂಟೆ ಖರ್ಚಾಗುತ್ತದೆ. ಇನ್ನು ದಡದ ಮೇಲೆ ಅದು ಕೇವಲ 10 ಮೈಕ್ರೊಆಂಪಿಯರ್, ಅಂದರೆ ಅರ್ಧ ಮಿಲಿಆಂಪಿಯರಿನ ಐವತ್ತನೆಯ ಒಂದು ಭಾಗ, ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಆದರೆ ವರ್ಷಕ್ಕೆ 8,760 ಗಂಟೆಗಳಿವೆ. ಗುಣಿಸಿದರೆ ಬರುವುದು ಸುಮಾರು 88 ಮಿಲಿಆಂಪಿಯರ್-ಗಂಟೆ. ಕಡಲಿನೊಳಗೆ ಖರ್ಚಾದದ್ದರ ಮೂರೂವರೆ ಪಟ್ಟು ದಡದ ಮೇಲೆ ಕರಗಿಹೋಯಿತು. ಈ ಸಂಖ್ಯೆಗಳು ನಿರ್ದಿಷ್ಟ ಮಾದರಿಯೊಂದರವಲ್ಲ, ವಿನ್ಯಾಸಕಾರ ಆರಂಭದಲ್ಲಿ ಕಾಗದದ ಮೇಲೆ ಹಾಕುವ ಅಂದಾಜಿನ ಬಗೆಯವು. ಆದರೆ ಅವುಗಳ ಪ್ರಮಾಣ ಹೀಗೆಯೇ ಇರುತ್ತದೆ. ಈ ಕಾರಣದಿಂದ, ಅನುಭವಿ ವಿನ್ಯಾಸಕಾರ ತನ್ನ ಶ್ರಮದ ದೊಡ್ಡ ಪಾಲನ್ನು ಸಾಧನದ ನಿದ್ದೆಗೆ ಮೀಸಲಿಡುತ್ತಾನೆ.

ನಿದ್ದೆ ಎಂಬ ಪದವನ್ನು ನಾನು ಅಲಂಕಾರಕ್ಕೆ ಬಳಸುತ್ತಿಲ್ಲ. ನಮ್ಮ ವೃತ್ತಿಯಲ್ಲಿ ಅದನ್ನು ಹಾಗೆಯೇ ಕರೆಯುತ್ತೇವೆ. ಸಾಧನದೊಳಗೆ ಕೈಗಡಿಯಾರದಲ್ಲಿರುವಂಥದೇ ಒಂದು ಸ್ಫಟಿಕ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತಿರುತ್ತದೆ. ಎರಡನ್ನು ಹದಿನೈದು ಬಾರಿ ಗುಣಿಸಿದರೆ ಬರುವ ಸಂಖ್ಯೆ ಅದು. ಹಾಗಾಗಿ ಹದಿನೈದು ಬಾರಿ ಅರ್ಧ ಮಾಡುತ್ತಾ ಹೋದರೆ ಕರಾರುವಾಕ್ಕಾಗಿ ಒಂದು ಸೆಕೆಂಡಿನ ಮಿಡಿತ ಸಿಗುತ್ತದೆ. ಆ ಸ್ಫಟಿಕ ಮತ್ತು ಅದನ್ನು ಎಣಿಸುವ ಪುಟ್ಟ ವಿಭಾಗ ಮಾತ್ರ ಎಚ್ಚರವಾಗಿರುತ್ತವೆ, ಉಳಿದದ್ದೆಲ್ಲ ಮಲಗಿರುತ್ತದೆ. ಮಿಡಿತ ಬಂದಾಗ ಪ್ರೊಸೆಸರ್ ಎದ್ದು, ಒತ್ತಡದ ಸೆನ್ಸರನ್ನು ಎಬ್ಬಿಸಿ, ಸುಮಾರು ಹತ್ತು ಮಿಲಿಸೆಕೆಂಡಿನಲ್ಲಿ ಅಳತೆ ಪಡೆದು, ಹದಿನಾರು ಕೋಣೆಗಳ ಲೆಕ್ಕ ಮುಗಿಸಿ, ಪರದೆಯ ಮೇಲಿನ ಅಂಕಿ ಬದಲಿಸಿ, ತಕ್ಷಣ ಮಲಗಿಬಿಡುತ್ತದೆ. ಒಂದು ಸೆಕೆಂಡಿನಲ್ಲಿ ಅದು ಎಚ್ಚರವಿರುವುದು ನೂರರಲ್ಲಿ ಕೆಲವೇ ಪಾಲು. ದಡದ ಮೇಲೆ ಈ ಏಳುವುದು ಇನ್ನೂ ವಿರಳವಾಗುತ್ತದೆ, ಏಕೆಂದರೆ ಅಲ್ಲಿ ಒತ್ತಡ ಬದಲಾಗುವುದು ಬಹಳ ನಿಧಾನ. ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಒಂದು ಸಣ್ಣ ಕೆಪಾಸಿಟರ್ ಸೋರಿದರೂ, ಪ್ರೋಗ್ರಾಂ ಬರೆದವನು ಪ್ರೊಸೆಸರಿನ ಒಂದು ಪಿನ್ನನ್ನು ತೇಲಲು ಬಿಟ್ಟರೂ, ಅಂದರೆ ಯಾವ ವೋಲ್ಟಿಗೂ ಕಟ್ಟದೆ ಬಿಟ್ಟರೂ, ಹತ್ತು ಮೈಕ್ರೊಆಂಪಿಯರ್ ನೂರಾಗಿಬಿಡುತ್ತದೆ. ಐದು ವರ್ಷ ಬರಬೇಕಾದ ಸೆಲ್ ಎಂಟು ತಿಂಗಳೊಳಗೆ ಮುಗಿಯುತ್ತದೆ. ನನ್ನ ಕೆಲಸದ ಮೇಜಿನ ಮೇಲೆ ಇಂಥ ಸೋರಿಕೆ ಹುಡುಕುತ್ತಾ ವಾರಗಟ್ಟಲೆ ಕಳೆದದ್ದುಂಟು.

ಸಾಧನ ಏಳುವ ಇನ್ನೊಂದು ದಾರಿಯಿದೆ. ಕೆಲವು ಕಂಪ್ಯೂಟರುಗಳ ಹೊರಮೈಯಲ್ಲಿ ಎರಡು ಮೂರು ಲೋಹದ ಚುಕ್ಕೆಗಳಿರುತ್ತವೆ. ಉಪ್ಪುನೀರು ಅವುಗಳನ್ನು ಜೋಡಿಸಿದ ಕೂಡಲೇ ವಿದ್ಯುತ್ ಮಂಡಲ ಪೂರ್ಣಗೊಂಡು, ಮಾಲೀಕ ಗುಂಡಿ ಒತ್ತಲು ಮರೆತಿದ್ದರೂ, ಕಂಪ್ಯೂಟರ್ ಎಚ್ಚರಗೊಳ್ಳುತ್ತದೆ. ಜೀವ ಉಳಿಸುವ ಏರ್ಪಾಡು ಇದು. ಆದರೆ ಗೋವಾದಲ್ಲಿ ಇದರ ಇನ್ನೊಂದು ಮುಖವೂ ಕಾಣುತ್ತದೆ. ದಿನದ ಕೆಲಸ ಮುಗಿಸಿ, ಒದ್ದೆ ಸೂಟಿನ ಜೊತೆ ಕಂಪ್ಯೂಟರನ್ನೂ ಅದೇ ಚೀಲಕ್ಕೆ ತುರುಕಿ ಇಟ್ಟರೆ, ಆ ತೇವ ಚುಕ್ಕೆಗಳನ್ನು ರಾತ್ರಿಯಿಡೀ ಜೋಡಿಸಿಯೇ ಇಡುತ್ತದೆ. ಸಾಧನ ಮಲಗುವುದೇ ಇಲ್ಲ. ಸಿಹಿನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಿ ಇಡುವುದು ಸೆಲ್ಲಿನ ಆಯುಷ್ಯಕ್ಕೆ ನೇರವಾಗಿ ಸಂಬಂಧಿಸಿದ ಕೆಲಸ.

ಈವರೆಗೆ ಹೇಳಿದ್ದು ಸೆಲ್ ಎಷ್ಟು ದಿನ ಬರುತ್ತದೆ ಎಂಬುದರ ಬಗ್ಗೆ. ಅದಕ್ಕಿಂತ ಗಂಭೀರವಾದ ಪ್ರಶ್ನೆ, ಅದು ಯಾವಾಗ ಕೈಕೊಡುತ್ತದೆ ಮತ್ತು ಕೈಕೊಡುವ ಮೊದಲು ಹೇಳುತ್ತದೆಯೇ ಎಂಬುದು.

ಪ್ರತಿ ಸೆಲ್ಲಿನೊಳಗೂ ಒಂದು ಆಂತರಿಕ ರೋಧ, ಅಂದರೆ ವಿದ್ಯುತ್ತಿನ ಹರಿವಿಗೆ ಸೆಲ್ ತಾನೇ ಒಡ್ಡುವ ತಡೆ, ಇರುತ್ತದೆ. ಹೊಸ ಕಾಯಿನ್ ಸೆಲ್ಲಿನಲ್ಲಿ ಅದು ಹತ್ತಿಪ್ಪತ್ತು ಓಮ್‌ನ ಆಸುಪಾಸಿನಲ್ಲಿದ್ದು, ಸೆಲ್ ಹಳತಾದಂತೆ ಏರುತ್ತಾ ಹೋಗುತ್ತದೆ; ಚಳಿಯಲ್ಲಿ ಇನ್ನೂ ಹೆಚ್ಚುತ್ತದೆ. ಸುಮ್ಮನಿರುವಾಗ ಹಳೆಯ ಸೆಲ್ ಕೂಡ 2.7 ವೋಲ್ಟ್ ತೋರಿಸಬಹುದು. ಈಗ ಮುಳುಗುಗಾರ ಮಂದ ಬೆಳಕಿನಲ್ಲಿ ಅಂಕಿ ಕಾಣದೆ ಬ್ಯಾಕ್‌ಲೈಟಿನ ಗುಂಡಿ ಒತ್ತುತ್ತಾನೆ. ಬ್ಯಾಕ್‌ಲೈಟ್ 20 ಮಿಲಿಆಂಪಿಯರ್ ಕೇಳುತ್ತದೆ. ಒಳಗಿನ ರೋಧ 50 ಓಮ್ ಆಗಿದ್ದರೆ ಅಲ್ಲಿಯೇ ಪೂರ್ತಿ 1 ವೋಲ್ಟ್ ಕುಸಿಯುತ್ತದೆ. ಪ್ರೊಸೆಸರಿಗೆ ಉಳಿಯುವುದು 1.7. ಇಂಥ ಪ್ರೊಸೆಸರುಗಳಲ್ಲಿ ಹಲವು 1.8 ವೋಲ್ಟಿನ ಕೆಳಗೆ ನಿಲ್ಲಲಾರವು. ಅದು ತನ್ನನ್ನು ತಾನೇ ಮರುಪ್ರಾರಂಭಿಸಿಕೊಳ್ಳುತ್ತದೆ, ಮತ್ತು ಆ ಕ್ಷಣದಲ್ಲಿ ಮುಳುಗುಗಾರ ಹದಿನಾಲ್ಕು ಮೀಟರ್ ಕೆಳಗಿರುತ್ತಾನೆ.

ಹದಿನಾಲ್ಕು ಮೀಟರ್ ಎಂದು ಸುಮ್ಮನೆ ಹೇಳಲಿಲ್ಲ. ಕೆಲವು ವರ್ಷಗಳ ಹಿಂದೆ ಗ್ರ್ಯಾಂಡ್ ಐಲ್ಯಾಂಡಿನ ಬಳಿ, ಆ ದಿನದ ಎರಡನೆಯ ಮುಳುಗಿನಲ್ಲಿ, ನನಗೇ ಇದು ಆಯಿತು. ಹಿಂದಿನ ದಿನಗಳ ಗಾಳಿಗೆ ನೀರು ಕದಡಿ ಹಸಿರುಗಟ್ಟಿತ್ತು, ಚಾಚಿದ ಕೈಯಾಚೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಬೆಳಕಿಗಾಗಿ ಗುಂಡಿ ಒತ್ತಿದೆ. ಪರದೆ ಒಮ್ಮೆ ಮಿನುಗಿ ಖಾಲಿಯಾಯಿತು. ಮರಳಿ ಬಂದಾಗ ಅದು ಗಡಿಯಾರವನ್ನು ಸೊನ್ನೆ ಗಂಟೆಯಿಂದ ತೋರಿಸುತ್ತಿತ್ತು. ಬೆಳಗಿನ ಮುಳುಗಿನ ನೆನಪೇ ಅದಕ್ಕೆ ಇರಲಿಲ್ಲ. ನಾನು ಕಲಿತ ಕ್ರಮದಂತೆ ಜೊತೆಗಾರನಿಗೆ ಸನ್ನೆ ಮಾಡಿ, ಅವನ ಕಂಪ್ಯೂಟರನ್ನು ನೋಡಿಕೊಂಡು ನಿಧಾನವಾಗಿ ಮೇಲೇರಿ, ಸಾರಜನಕ ಹೊರಹೋಗಲೆಂದು 5 ಮೀಟರಿನಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಂತು ಮೇಲೆ ಬಂದೆ. ಮುಂದಿನ 24 ಗಂಟೆ ನೀರಿಗಿಳಿಯಲಿಲ್ಲ. ದೋಣಿಯ ಮೇಲೆ ಕುಳಿತು ಆ ಸಾಧನವನ್ನು ಕೈಯಲ್ಲಿ ಹಿಡಿದಾಗ ನನಗೆ ಬಂದದ್ದು ಸಿಟ್ಟು. ಬೆಳಿಗ್ಗೆ ಹೊರಡುವ ಮುನ್ನ ಅದು ಬ್ಯಾಟರಿ ಸರಿಯಿದೆ ಎಂದೇ ತೋರಿಸಿತ್ತು. ಸುಮ್ಮನಿರುವ ಸೆಲ್ಲಿನ ವೋಲ್ಟನ್ನು ಅಳೆದು ಅದು ಸರಿಯಿದೆ ಎಂದು ಹೇಳುವುದು, ಕುರ್ಚಿಯಲ್ಲಿ ಕುಳಿತ ರೋಗಿಯ ನಾಡಿ ಹಿಡಿದು ಇವನು ಬೆಟ್ಟ ಹತ್ತಬಲ್ಲ ಎಂದಂತೆ. ಅಳೆಯುವಾಗ ಸೆಲ್ಲಿನ ಮೇಲೆ ಒಂದು ಕ್ಷಣ ನಿಜವಾದ ಭಾರ ಹಾಕಿ, ಆಗ ಎಷ್ಟು ಕುಸಿಯುತ್ತದೆ ಎಂದು ನೋಡಬೇಕಿತ್ತು.

ಒಳ್ಳೆಯ ವಿನ್ಯಾಸಗಳು ಇದನ್ನು ಹಲವು ಬಗೆಯಲ್ಲಿ ಎದುರಿಸುತ್ತವೆ. ಸೆಲ್ಲಿನ ಪಕ್ಕದಲ್ಲೊಂದು ದೊಡ್ಡ ಕೆಪಾಸಿಟರ್ ಇಟ್ಟು ಹಠಾತ್ ಬೇಡಿಕೆಯ ಹೊಡೆತವನ್ನು ಅದರ ಮೇಲೆ ಹಾಕುತ್ತಾರೆ. ಬ್ಯಾಕ್‌ಲೈಟ್, ಬೀಪ್ ಶಬ್ದ, ಕಂಪನ ಇವು ಮೂರೂ ಒಂದೇ ಗಳಿಗೆಯಲ್ಲಿ ಸೆಲ್ಲಿನ ಮೇಲೆ ಬೀಳದಂತೆ ಸರದಿ ಮಾಡುತ್ತಾರೆ. ಸೆಲ್ ದುರ್ಬಲವಾಯಿತೆಂದರೆ ಮೊದಲು ಬ್ಯಾಕ್‌ಲೈಟನ್ನು ನಿಲ್ಲಿಸಿ, ಆಮೇಲೆ ಸದ್ದನ್ನು ನಿಲ್ಲಿಸಿ, ಆಳ ಮತ್ತು ಸಮಯದ ಲೆಕ್ಕವನ್ನು ಕೊನೆಯವರೆಗೂ ಕಾಪಾಡುತ್ತಾರೆ. ಸೆಲ್ ತೀರಾ ಇಳಿದಿದ್ದರೆ ದಡದ ಮೇಲೆಯೇ ಎಚ್ಚರಿಸಿ ಹೊಸ ಮುಳುಗನ್ನೇ ಒಪ್ಪಿಕೊಳ್ಳದ ಸಾಧನಗಳೂ ಇವೆ. ದುಡ್ಡು ಕೊಟ್ಟು ದೋಣಿ ಹತ್ತಿದವನಿಗೆ ಅದು ಬೇಸರ ತರುತ್ತದೆ, ಆದರೂ ಆ ಹಠ ನನಗೆ ಸರಿಯೆನಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹದಿನಾರು ಕೋಣೆಗಳ ಲೆಕ್ಕವನ್ನು ವಿದ್ಯುತ್ ಹೋದರೂ ಅಳಿಸಿಹೋಗದ ಮೆಮೊರಿಯಲ್ಲಿ ಆಗಾಗ ಬರೆದಿಡುತ್ತಾರೆ. ಆಗ ಮರುಪ್ರಾರಂಭವಾದರೂ ಸಾಧನ ನಿಂತಲ್ಲಿಂದ ಮುಂದುವರಿಯಬಲ್ಲದು. ಇದನ್ನು ಮಾಡದ ಸಾಧನ ನೀರಿನಡಿ ಎಚ್ಚರಗೊಂಡು, ಸುತ್ತಲಿನ ಒತ್ತಡವನ್ನೇ ನೆಲದ ಮೇಲಿನ ಒತ್ತಡವೆಂದು ತಿಳಿದರೆ ಆಗುವ ಅನಾಹುತವನ್ನು ನೀವೇ ಊಹಿಸಿ.

ಸೆಲ್ಲಿನ ರಸಾಯನಕ್ಕೂ ಅದರ ಎಚ್ಚರಿಕೆಗೂ ಇರುವ ನಂಟನ್ನು ಇಲ್ಲಿ ಹೇಳಬೇಕು. ನಾವು ಗೋಡೆ ಗಡಿಯಾರಕ್ಕೆ ಹಾಕುವ ಡಬಲ್-ಎ ಆಲ್ಕಲೈನ್ ಸೆಲ್ 1.5 ವೋಲ್ಟಿನಿಂದ ನಿಧಾನವಾಗಿ, ಇಳಿಜಾರಿನಂತೆ, 0.9ರವರೆಗೆ ಇಳಿಯುತ್ತದೆ, ವೋಲ್ಟ್ ನೋಡಿ ಇನ್ನೆಷ್ಟು ಉಳಿದಿದೆ ಎಂದು ಸುಮಾರಾಗಿ ಹೇಳಬಹುದು. ಅದೇ ಗಾತ್ರದ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್ 3.6 ವೋಲ್ಟಿನದು, ಶಕ್ತಿಯಲ್ಲಿ ಆಲ್ಕಲೈನನ್ನು ಬಹಳ ಮೀರಿಸುತ್ತದೆ, ವರ್ಷಗಟ್ಟಲೆ ಇಟ್ಟರೂ ಸೊರಗುವುದು ಕಡಿಮೆ. ಆದರೆ ಅದರ ವೋಲ್ಟ್ ಕೊನೆಯವರೆಗೂ ಮೇಜಿನಂತೆ ಸಮತಟ್ಟಾಗಿದ್ದು, ತುದಿಯಲ್ಲಿ ಬಂಡೆಯಂಚಿನಿಂದ ಬಿದ್ದಂತೆ ಕುಸಿಯುತ್ತದೆ. ಹೆಚ್ಚು ಶಕ್ತಿಯ ಸೆಲ್ ಎಚ್ಚರಿಕೆ ಕೊಡುವುದರಲ್ಲಿ ಹಿಂದೆ ಬೀಳುತ್ತದೆ. ಶಿಯರ್‌ವಾಟರ್ ಎಂಬ ಕೆನಡಾದ ತಯಾರಕರ ಪೆಟ್ರೆಲ್ ಮತ್ತು ಪರ್ಡಿಕ್ಸ್ ಮಾದರಿಗಳು 0.9ರಿಂದ 4.3 ವೋಲ್ಟಿನವರೆಗಿನ ಯಾವ ಡಬಲ್-ಎ ಸೆಲ್ಲನ್ನಾದರೂ ಒಪ್ಪಿಕೊಳ್ಳುವಂತೆ ರೂಪಿಸಲ್ಪಟ್ಟವು. ಸೆಲ್ ಬದಲಿಸಿದಾಗ ಯಾವ ಬಗೆಯದು ಹಾಕಿದಿರಿ ಎಂದು ಅವು ಕೇಳುತ್ತವೆ. ಕಿರಿಕಿರಿಯೆಂದು ಹಲವರು ಉತ್ತರವನ್ನು ಸರಿಯಾಗಿ ಕೊಡುವುದಿಲ್ಲ. ಆದರೆ ಯಾವ ಇಳಿಜಾರನ್ನು ನೋಡಿ ಎಚ್ಚರಿಸಬೇಕು ಎಂಬುದು ಸಾಧನಕ್ಕೆ ತಿಳಿಯುವುದು ಆ ಉತ್ತರದಿಂದಲೇ. ಪುಣೆಯ ರೈಲ್ವೆ ಪ್ಲಾಟ್‌ಫಾರಂನಲ್ಲಿ ಸಿಗುವ ಸೆಲ್ಲನ್ನೂ ಹಾಕಿಕೊಂಡು ಮರುದಿನ ನೀರಿಗಿಳಿಯಬಹುದಾದ ಈ ಬಗೆಯ ವಿನ್ಯಾಸವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಇನ್ನು ಸೆಲ್ ಕೂರುವ ಗೂಡಿನ ಬಾಗಿಲು. ಇದರ ಬಗ್ಗೆ ತಯಾರಕರು ಆರಂಭದಿಂದಲೂ ಒಮ್ಮತಕ್ಕೆ ಬಂದಿಲ್ಲ. 1983ರಲ್ಲಿ ಅಮೆರಿಕದಲ್ಲಿ ಬಂದ ಆರ್ಕಾ ಎಡ್ಜ್ ಸಾಧನ 9 ವೋಲ್ಟಿನ ಚೌಕ ಬ್ಯಾಟರಿಯಿಂದ ನಡೆಯುತ್ತಿತ್ತು; ಬಳಸುವವನೇ ಅದನ್ನು ಬದಲಿಸಬೇಕಿತ್ತು. ಆ ದಶಕದ ಕೊನೆಗೆ ಯುರೋಪಿನಲ್ಲಿ ಮನೆಮಾತಾದ ಉವಾಟೆಕ್ ಕಂಪನಿಯ ಅಲಾಡಿನ್ ಸಾಧನದಲ್ಲಿ ಬಾಗಿಲೇ ಇರಲಿಲ್ಲ. ಒಳಗೆ ಮುಚ್ಚಿಟ್ಟ ಲಿಥಿಯಂ ಸೆಲ್ ವರ್ಷಗಟ್ಟಲೆ ಬರುತ್ತಿತ್ತು, ಮುಗಿದಾಗ ಕಂಪನಿಗೇ ಕಳಿಸಬೇಕಿತ್ತು. ಬಾಗಿಲಿಲ್ಲದಿದ್ದರೆ ಸೋರಿಕೆಯಿಲ್ಲ ಎಂಬುದು ಒಂದು ವಾದ. ದೂರದ ದ್ವೀಪದಲ್ಲಿ ಸೆಲ್ ಮುಗಿದವನು ಏನು ಮಾಡಬೇಕು ಎಂಬುದು ಅದಕ್ಕೆದುರಾದ ವಾದ.

ಬಾಗಿಲಿದ್ದಲ್ಲಿ ಓ-ರಿಂಗ್ ಇರುತ್ತದೆ: ರಬ್ಬರಿನ ಒಂದು ತೆಳು ಬಳೆ. 30 ಮಿಲಿಮೀಟರ್ ಅಗಲದ ಮುಚ್ಚಳದ ಮೇಲೆ 40 ಮೀಟರ್ ಆಳದಲ್ಲಿ ನೀರು ಒತ್ತುವ ಬಲ ಎಷ್ಟೆಂದು ಲೆಕ್ಕ ಹಾಕಿದರೆ, ಸುಮಾರು 29 ಕಿಲೋ ತೂಕವನ್ನು ಅದರ ಮೇಲಿಟ್ಟಂತೆ. ಇಷ್ಟು ಭಾರಕ್ಕೆ ಓ-ರಿಂಗ್ ಸೋಲುತ್ತದೆ ಎಂದು ನಮಗೆ ಅನಿಸುವುದು ಸಹಜ, ನಿಜಸ್ಥಿತಿ ಬೇರೆ. ಆ ಒತ್ತಡವೇ ರಬ್ಬರನ್ನು ತನ್ನ ತೋಡಿನೊಳಗೆ ಇನ್ನಷ್ಟು ಬಿಗಿಯಾಗಿ ಅಮುಕಿ ದಾರಿ ಮುಚ್ಚುತ್ತದೆ. ಸೋರಿಕೆಗೆ ಹೆಚ್ಚು ಅವಕಾಶವಿರುವುದು ಒತ್ತಡ ಇನ್ನೂ ಏರದ ಮೊದಲ ಕೆಲವು ಮೀಟರುಗಳಲ್ಲಿ. ಕೂದಲೊಂದು, ಮರಳಿನ ಕಣವೊಂದು, ಒಣಗಿದ ಉಪ್ಪಿನ ಹರಳೊಂದು ತೋಡಿನಲ್ಲಿ ಉಳಿದರೆ ಸಾಕು. ನನ್ನ ಮೊದಲ ಕಂಪ್ಯೂಟರಿನ ಸೆಲ್ಲನ್ನು ನಾನು ಒಂದು ಗಡಿಯಾರದ ಅಂಗಡಿಯಲ್ಲಿ ಬದಲಿಸಿಕೊಂಡಿದ್ದೆ. ಅಂಗಡಿಯವರು ಸೆಲ್ ಹೊಸದು ಹಾಕಿದರು, ಓ-ರಿಂಗ್ ಹಳೆಯದನ್ನೇ ಉಳಿಸಿದರು, ನಾನೂ ಕೇಳಲಿಲ್ಲ. ಆರು ಮೀಟರ್ ತಲುಪುವಷ್ಟರಲ್ಲಿ ಗಾಜಿನ ಒಳಗೆ ನೀರು ಕಂಡಿತು. ಪ್ರತಿ ಬಾರಿ ಸೆಲ್ ಬದಲಿಸಿದಾಗ ಓ-ರಿಂಗನ್ನೂ ಬದಲಿಸಬೇಕು. ತಯಾರಕರು ಹೇಳಿದ್ದರೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ, ರಬ್ಬರ್ ಮಿನುಗುವಷ್ಟು ಮಾತ್ರ, ಸವರಬೇಕು. ಓ-ರಿಂಗ್ ಸ್ವತಃ ಸಿಲಿಕೋನಿನದಾಗಿದ್ದರೆ ಆ ಗ್ರೀಸ್ ಅದನ್ನು ಉಬ್ಬಿಸಿ ಕೆಡಿಸುತ್ತದೆ ಎಂಬುದನ್ನು ತಿಳಿದಿರಬೇಕು. ಈ ಕೆಲಸವನ್ನು ಅಲುಗಾಡುವ ದೋಣಿಯ ಮೇಲೆ, ಒದ್ದೆ ಕೈಯಲ್ಲಿ ಮಾಡಲೇಬಾರದು.

ದೋಣಿಯ ಮೇಲೆ ಮಾಡಬಾರದು ಎನ್ನಲು ಇನ್ನೂ ದೊಡ್ಡ ಕಾರಣವಿದೆ. ಸೆಲ್ ತೆಗೆದ ಕೂಡಲೇ ಕೆಲವು ಸಾಧನಗಳಲ್ಲಿ ಸಾರಜನಕದ ಲೆಕ್ಕವೇ ಅಳಿಸಿಹೋಗುತ್ತದೆ. ಬೆಳಗಿನ ಮುಳುಗಿನ ನಂತರ ಸೆಲ್ ಬದಲಿಸಿ ಮಧ್ಯಾಹ್ನ ಇಳಿದರೆ, ಸಾಧನ ಮುಳುಗುಗಾರನನ್ನು ವಾರದಿಂದ ನೀರು ಮುಟ್ಟದವನೆಂದು ತಿಳಿದು ಧಾರಾಳವಾಗಿ ನಿಮಿಷಗಳನ್ನು ಹಂಚುತ್ತದೆ. ದೇಹ ಮಾತ್ರ ಬೆಳಗಿನ ಸಾರಜನಕವನ್ನು ಹೊತ್ತುಕೊಂಡೇ ಇಳಿದಿರುತ್ತದೆ. ನಿಮ್ಮ ಸಾಧನ ಈ ನೆನಪನ್ನು ಉಳಿಸಿಕೊಳ್ಳುತ್ತದೆಯೇ ಎಂಬುದನ್ನು ಅದರ ಕೈಪಿಡಿಯಲ್ಲಿ ಹುಡುಕಿ ಓದಿ. ಬರೆದಿಲ್ಲವೆಂದರೆ ಉಳಿಸಿಕೊಳ್ಳುವುದಿಲ್ಲ ಎಂದೇ ತಿಳಿಯಿರಿ.

ಬಣ್ಣದ ಪರದೆಗಳು ಬಂದ ಮೇಲೆ ಜಮಾಖರ್ಚೇ ಬದಲಾಯಿತು. ತಾನೇ ಹೊಳೆಯುವ ಬಣ್ಣದ ಪರದೆ 60 ಮಿಲಿಆಂಪಿಯರ್ ಎಳೆಯುತ್ತದೆ ಎಂದು ಹಿಡಿದರೆ, ಮೊದಲು ಹೇಳಿದ ಅದೇ 50 ಗಂಟೆಗೆ 3,000 ಮಿಲಿಆಂಪಿಯರ್-ಗಂಟೆ ಬೇಕು; ಕಾಯಿನ್ ಸೆಲ್ಲಾದರೆ ಐದು ಬೇಕಾಗುತ್ತವೆ, ಅಷ್ಟು ಹೊರೆಯನ್ನು ಅವು ತಾಳುವುದೂ ಇಲ್ಲ. ಹಾಗಾಗಿ ಫೋನಿನಲ್ಲಿರುವಂಥ, ಮರಳಿ ಚಾರ್ಜ್ ಮಾಡುವ ಲಿಥಿಯಂ-ಅಯಾನ್ ಬ್ಯಾಟರಿ ಬಂತು. ಬಾಗಿಲು ಬೇಡವಾಯಿತು, ಓ-ರಿಂಗಿನ ಒಂದು ಚಿಂತೆ ಕಳೆಯಿತು. ಬದಲಿಗೆ ಚಾರ್ಜಿಂಗ್ ಪಿನ್ನುಗಳು ಬಂದವು. ಅವುಗಳ ಮೇಲೆ ಉಪ್ಪುನೀರಿನ ಪಸೆ ಇರುವಾಗಲೇ ಚಾರ್ಜರ್ ಸಿಕ್ಕಿಸಿದರೆ, ಆ ಪಸೆಯ ಮೂಲಕ ವಿದ್ಯುತ್ ಹರಿದು ಪಿನ್ನಿನ ಲೋಹವನ್ನು ತಿಂದುಹಾಕುತ್ತದೆ. ಈ ತೊಂದರೆಯನ್ನು ಬೇರಿನಲ್ಲೇ ಕಿತ್ತವರು ತಂತಿಯಿಲ್ಲದೆ, ಸುರುಳಿಯಿಂದ ಸುರುಳಿಗೆ ಚಾರ್ಜ್ ಮಾಡುವ ಮಾದರಿಗಳನ್ನು ತಂದರು. ಬೆಳಕು ಹೊರಡಿಸದೆ ಹೊರಗಿನ ಬೆಳಕನ್ನೇ ಪ್ರತಿಫಲಿಸುವ ಬಣ್ಣದ ಪರದೆಗಳೂ ಇವೆ. ತಿಳಿನೀರಿನಲ್ಲಿ ಅವು ಬಹಳ ಉಳಿತಾಯ ಮಾಡುತ್ತವೆ, ನಮ್ಮ ಮಬ್ಬು ನೀರಿನಲ್ಲಿ ಅಷ್ಟಿಲ್ಲ.

ಲಿಥಿಯಂ-ಅಯಾನಿಗೆ ನಮ್ಮ ಕರಾವಳಿಯಲ್ಲಿ ನಿಜವಾದ ಶತ್ರು ಬಿಸಿಲು. ತಂಪುದೇಶಗಳ ಪುಸ್ತಕಗಳು ಚಳಿಯ ಬಗ್ಗೆ ಬಹಳ ಬರೆಯುತ್ತವೆ. ಗೋವಾದ ನೀರು ಬೆಚ್ಚಗೇ ಇರುತ್ತದೆ, ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ದೋಣಿಯ ಹಲಗೆಯ ಮೇಲೆ ಬಿಟ್ಟ ಕಪ್ಪು ಸಾಧನ ಮುಟ್ಟಲಾಗದಷ್ಟು ಕಾಯುತ್ತದೆ. ಆ ಬಿಸಿಯಲ್ಲಿ ಬ್ಯಾಟರಿಯ ಧಾರಣಶಕ್ತಿ ಶಾಶ್ವತವಾಗಿ ಕುಗ್ಗುತ್ತಾ ಹೋಗುತ್ತದೆ. 45 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಇಂಥ ಬ್ಯಾಟರಿಗಳನ್ನು ಸಾಮಾನ್ಯವಾಗಿ ಚಾರ್ಜ್ ಮಾಡಬಾರದು. ಒದ್ದೆ ಟವೆಲಿನ ಕೆಳಗೆ, ನೆರಳಿನಲ್ಲಿ ಇಡುವ ಅಭ್ಯಾಸವನ್ನು ನಾನು ಇಲ್ಲಿನ ಹುಡುಗರಿಂದಲೇ ಕಲಿತೆ.

ಸಿಲಿಂಡರಿನ ಒತ್ತಡವನ್ನು ತಂತಿಯಿಲ್ಲದೆ ಕಂಪ್ಯೂಟರಿಗೆ ಕಳಿಸುವ ಟ್ರಾನ್ಸ್‌ಮಿಟರಿನ ಬಗ್ಗೆ ಎರಡೇ ಮಾತು. ಫೋನಿನ ಬ್ಲೂಟೂತ್ ಅಲೆಗಳು ಉಪ್ಪುನೀರಿನಲ್ಲಿ ಕೆಲವು ಸೆಂಟಿಮೀಟರಿನೊಳಗೇ ಆರಿಹೋಗುತ್ತವೆ. ಅದಕ್ಕಾಗಿ 38 ಕಿಲೋಹರ್ಟ್ಸ್‌ನಂಥ ಬಹಳ ಕೆಳಗಿನ ಆವರ್ತನ ಬಳಸುತ್ತಾರೆ. ಅದು ಸಮುದ್ರದ ನೀರಿನಲ್ಲಿ ಮೀಟರೊಂದರಷ್ಟು ದೂರ ಹೋಗಿ ಮುಟ್ಟುತ್ತದೆ, ಹೆಗಲಿನಿಂದ ಮಣಿಕಟ್ಟಿಗೆ ಅಷ್ಟು ಸಾಕು. ಟ್ರಾನ್ಸ್‌ಮಿಟರಿಗೂ ತನ್ನದೇ ಸೆಲ್ ಇದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಹಾಗಾಗಿ ಸೂಜಿ ತಿರುಗುವ ಹಳೆಯ ಗೇಜನ್ನು ಬಿಚ್ಚಿಡಬೇಡಿ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಗದಗ ಕಡೆಯ ತಾಯಿಯೊಬ್ಬರು ಎದ್ದು ಕೇಳಿದರು: "ಸರ, ನನ್ನ ಮಗಂದು ಮಳಿಗಾಲದಾಗ ನಾಕು ತಿಂಗಳ ಕೆಲಸ ಇರಂಗಿಲ್ರಿ. ಆ ಗಡಿಯಾರ ಟ್ರಂಕಿನ್ಯಾಗ ಇಟ್ಟಿರ್ತಾನ. ಸೆಲ್ ತಗದು ಇಡಬೇಕೋ, ಹಂಗ ಬಿಡಬೇಕೋ?"

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಬೇಕಾದದ್ದು ಇದೇ ಆಗಿತ್ತು. "ಅಮ್ಮಾ, ಅದು ಸೆಲ್ಲಿನ ಬಗೆಯ ಮೇಲೆ ಹೋಗುತ್ತದೆ" ಎಂದು ವಿವರಿಸಿದೆ. ಕಾಯಿನ್ ಸೆಲ್ ಆಗಿದ್ದರೆ ಹಾಗೆಯೇ ಬಿಡುವುದು ಒಳ್ಳೆಯದು; ಅದು ತಾನಾಗಿ ಸೊರಗುವುದು ವರ್ಷಕ್ಕೆ ನೂರರಲ್ಲಿ ಒಂದು ಪಾಲಿನಷ್ಟು, ಮುಚ್ಚಳ ತೆರೆದರೆ ಓ-ರಿಂಗಿನ ಅಪಾಯವೇ ಹೆಚ್ಚು. ಆಲ್ಕಲೈನ್ ಡಬಲ್-ಎ ಆಗಿದ್ದರೆ ಜೂನ್ ಆರಂಭದಲ್ಲೇ ತೆಗೆದಿಡಬೇಕು, ಏಕೆಂದರೆ ಅದು ಹಳತಾದಾಗ ಸೋರಿ, ಅದರ ಕ್ಷಾರ ತಾಮ್ರದ ಪಟ್ಟಿಗಳನ್ನು ಹಾಳುಮಾಡುತ್ತದೆ. ಚಾರ್ಜ್ ಮಾಡುವಂಥದಾದರೆ ಪೂರ್ತಿ ತುಂಬಿಸಿಯೂ ಪೂರ್ತಿ ಖಾಲಿ ಮಾಡಿಯೂ ಇಡದೆ, ಅರ್ಧದಷ್ಟು ಉಳಿಸಿ, ಎರಡು ತಿಂಗಳಿಗೊಮ್ಮೆ ನೋಡಿಕೊಳ್ಳಬೇಕು. ಟ್ರಂಕಿನಲ್ಲಿ ಒದ್ದೆ ಬಟ್ಟೆಯ ಪಕ್ಕ ಇಡಬಾರದು.

ಅವರು ಕುಳಿತುಕೊಳ್ಳಲಿಲ್ಲ. "ಇನ್ನೊಂದು ಐತ್ರಿ. ಅದು ಒಂದ ಐತಿ, ಇವನೂ ಇವನ ಗೆಳ್ಯಾನೂ ಇಬ್ಬರೂ ಅದನ್ನ ಕಟ್ಟಿಕೋತಾರ. ಮುಂಜಾನೆ ಒಬ್ಬಾವ, ಮಧ್ಯಾಹ್ನ ಒಬ್ಬಾವ. ಸೆಲ್ ತಗದು ಹಾಕಿದ್ರ ಹೊಸಾದರಂಗ ಆಗ್ತೈತಿ ಅಂತಾರ."

ಸಭೆ ಒಂದು ಕ್ಷಣ ಸುಮ್ಮನಾಯಿತು. ಒಂದು ಗಂಟೆ ನಾನು ದೋಷವೆಂದು ವಿವರಿಸಿದ್ದನ್ನು ಆ ಹುಡುಗರು ಅನುಕೂಲವೆಂದು ಬಳಸುತ್ತಿದ್ದರು. ಆ ಸಾಧನದೊಳಗಿನ ಲೆಕ್ಕ ಒಂದೇ ದೇಹದ್ದು ಎಂದೂ, ಅದನ್ನು ಅಳಿಸಿ ಗೆಳೆಯನಿಗೆ ಕೊಟ್ಟ ಗಳಿಗೆಯಿಂದ ಮೊದಲನೆಯವನ ದೇಹದ ಲೆಕ್ಕ ಇಡುವವರು ಯಾರೂ ಇರುವುದಿಲ್ಲ ಎಂದೂ, ಮರುದಿನ ಬೆಳಿಗ್ಗೆ ಅವನು ಮತ್ತೆ ಕಟ್ಟಿಕೊಂಡಾಗ ಅದು ಅವನಿಗೆ ಹೇಳುವ ನಿಮಿಷಗಳು ಅವನವಲ್ಲವೆಂದೂ ಅವರಿಗೆ ಹೇಳಿದೆ. ಇಬ್ಬರಿಗೂ ಒಂದೊಂದು ಬೇಕು, ಬೇರೆ ದಾರಿಯಿಲ್ಲ. ನನ್ನ ಕಪಾಟಿನಲ್ಲಿ ಬಳಸದೆ ಇಟ್ಟ ಕಾಯಿನ್ ಸೆಲ್ಲಿನ ಹಳೆಯ ಕಂಪ್ಯೂಟರೊಂದಿತ್ತು. ಆ ವಾರವೇ ಅದಕ್ಕೆ ಹೊಸ ಸಿಆರ್ 2450 ಮತ್ತು ಹೊಸ ಓ-ರಿಂಗ್ ಹಾಕಿ, ಸಿಹಿನೀರಿನ ಬಕೆಟ್ಟಿನಲ್ಲಿ ರಾತ್ರಿಯಿಡೀ ಮುಳುಗಿಸಿ, ಬೆಳಿಗ್ಗೆ ಗಾಜಿನ ಒಳಗೆ ಪಸೆ ಇಲ್ಲವೆಂದು ನೋಡಿ, ಸೆಲ್ ಹಾಕಿದ ತಾರೀಖನ್ನು ಬೆನ್ನಿಗೆ ಚೀಟಿ ಅಂಟಿಸಿ ಬರೆದೆ. ಭಾನುವಾರ ಇಬ್ಬರೂ ಹುಡುಗರು ಬಂದು ಅದನ್ನು ಒಯ್ದರು.